ಹೆಸರು ಹುಬ್ಬಳ್ಳಿಯದು, ಅಂಗಳ ಯಾರದು?

2024ರ ಆಗಸ್ಟ್ 23ರ ರಾತ್ರಿ ಹುಬ್ಬಳ್ಳಿಯ ಹೆಸರು ಜಗತ್ತಿನ ಕ್ರಿಕೆಟ್ ಸುದ್ದಿಗಳಲ್ಲೆಲ್ಲ ಓಡಾಡಿತು. ಮಹಾರಾಜ ಟ್ರೋಫಿ ಟಿ20 ಟೂರ್ನಿಯ ಪಂದ್ಯವೊಂದರಲ್ಲಿ ಹುಬ್ಬಳ್ಳಿ ಟೈಗರ್ಸ್ 164 ರನ್ ಗಳಿಸಿತ್ತು. ಬೆಂಗಳೂರು ಬ್ಲಾಸ್ಟರ್ಸ್ ಕೂಡ 164ಕ್ಕೇ ನಿಂತಿತು. ಸೂಪರ್ ಓವರ್ ಆಡಿಸಿದರು, ಅದೂ ಸಮ. ಎರಡನೆಯದನ್ನು ಆಡಿಸಿದರು, ಮತ್ತೆ ಸಮ. ಮೂರನೆಯ ಸೂಪರ್ ಓವರ್‌ನಲ್ಲಿ ಹುಬ್ಬಳ್ಳಿ ಗೆದ್ದಿತು. ಒಂದು ಪಂದ್ಯ ಮುಗಿಯಲು ಮೂರು ಸೂಪರ್ ಓವರ್ ಬೇಕಾದದ್ದನ್ನು ಟಿ20 ಕ್ರಿಕೆಟ್ ಅಲ್ಲಿಯವರೆಗೆ ಕಂಡಿರಲಿಲ್ಲ.

ಆ ಪಂದ್ಯ ನಡೆದದ್ದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ. ಹುಬ್ಬಳ್ಳಿಯ ಮಂದಿ ನೋಡಿದ್ದು ಟಿವಿಯಲ್ಲಿ, ಮೊಬೈಲಿನಲ್ಲಿ. ಅದೊಂದೇ ಪಂದ್ಯದ ಕತೆಯೂ ಇದಲ್ಲ. 2022ರಲ್ಲಿ ಮಹಾರಾಜ ಟ್ರೋಫಿ ಶುರುವಾಯಿತು. ಆ ವರ್ಷ ಪಂದ್ಯಗಳು ಮೈಸೂರು ಮತ್ತು ಬೆಂಗಳೂರಿನಲ್ಲಿ ನಡೆದವು. 2023 ಮತ್ತು 2024ರಲ್ಲಿ ಎಲ್ಲವೂ ಬೆಂಗಳೂರಿನಲ್ಲೇ. 2025ರಲ್ಲಿ ಎಲ್ಲವೂ ಮೈಸೂರಿನಲ್ಲಿ. ನಾಲ್ಕು ಆವೃತ್ತಿಗಳಲ್ಲಿ ಹುಬ್ಬಳ್ಳಿ ಟೈಗರ್ಸ್ ಹುಬ್ಬಳ್ಳಿಯಲ್ಲಿ ಒಂದು ಚೆಂಡನ್ನೂ ಎಸೆಯಲಿಲ್ಲ. ಹುಬ್ಬಳ್ಳಿಯ ರಾಜನಗರದಲ್ಲಿ ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯದೇ ಸುಸಜ್ಜಿತ ಮೈದಾನ ಇದ್ದೂ ಹೀಗಾಯಿತು.

ಇದನ್ನು ಊರಿನ ಅಭಿಮಾನದ ಗೊಣಗಾಟ ಎಂದು ತಳ್ಳಿಹಾಕಬಹುದು. ಆದರೆ ಎರಡನೇ ಸಾಲಿನ ಟೂರ್ನಿಗಳು ಯಾವುದರ ಬಲದ ಮೇಲೆ ಬದುಕುತ್ತವೆ, ಯಾವುದು ತಪ್ಪಿದಾಗ ಸಾಯುತ್ತವೆ ಎಂದು ಹುಡುಕುತ್ತ ಹೋದರೆ ಈ ಪ್ರಶ್ನೆಗೇ ಬಂದು ನಿಲ್ಲುತ್ತೇವೆ. ಮೇಲಿನ ಸಾಲಿನ ಟೂರ್ನಿಗೆ ಹಣ, ತಾರೆಯರು, ಟಿವಿ ಎಲ್ಲ ಇರುತ್ತವೆ. ಕೆಳಗಿನದಕ್ಕೆ ಇರುವ ಆಸ್ತಿ ಎರಡೇ: ತನ್ನದೆಂದು ಹೇಳಿಕೊಳ್ಳುವ ಒಂದು ಊರು, ಮತ್ತು ಮೇಲಿನವರಿಗೆ ಬೇಕಾದ ಆಟಗಾರರನ್ನು ಬೆಳೆಸಿಕೊಡುವ ಶಕ್ತಿ.

ಇದನ್ನು ಅರಿಯಲು ಮೆಲ್ಬರ್ನ್‌ಗಿಂತ ಒಳ್ಳೆಯ ಪಾಠಶಾಲೆ ಇಲ್ಲ. ಅಲ್ಲಿನ ಜನರ ಹುಚ್ಚು ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್. ಅಂಡಾಕಾರದ ಚೆಂಡು, ತಂಡಕ್ಕೆ 18 ಜನ, ಎರಡೂ ತುದಿಗಳಲ್ಲಿ ನಾಲ್ಕು ನಾಲ್ಕು ಕಂಬ. ಚೆಂಡನ್ನು ಒದೆಯಬಹುದು, ಅಂಗೈಯಲ್ಲಿಟ್ಟು ಮುಷ್ಟಿಯಿಂದ ಗುದ್ದಬಹುದು, ಎಸೆಯುವಂತಿಲ್ಲ. ಈ ಆಟ ಹುಟ್ಟಿದ್ದೇ ಕ್ರಿಕೆಟಿನ ಮಗ್ಗುಲಲ್ಲಿ. ಚಳಿಗಾಲದಲ್ಲಿ ಕ್ರಿಕೆಟಿಗರ ಮೈ ಜಡ್ಡುಗಟ್ಟಬಾರದು, ಅದಕ್ಕೊಂದು ಫುಟ್‌ಬಾಲ್ ಕ್ಲಬ್ ಕಟ್ಟೋಣ ಎಂದು ಟಾಮ್ ವಿಲ್ಸ್ ಎಂಬ ಕ್ರಿಕೆಟಿಗ 1858ರಲ್ಲಿ ಪತ್ರಿಕೆಗೆ ಪತ್ರ ಬರೆದ. ಮರುವರ್ಷ ನಿಯಮಗಳು ಬರಹಕ್ಕಿಳಿದವು. ಇಂದಿಗೂ ಅದನ್ನು ಆಡುವುದು ಕ್ರಿಕೆಟಿನ ಅಂಡಾಕಾರದ ಮೈದಾನದಲ್ಲೇ.

1877ರಲ್ಲಿ ವಿಕ್ಟೋರಿಯನ್ ಫುಟ್‌ಬಾಲ್ ಅಸೋಸಿಯೇಷನ್ ಸ್ಥಾಪನೆಯಾಯಿತು. ಆಗ ಅದೇ ಮೊದಲ ಸಾಲು. ಸುಮಾರು 20 ವರ್ಷಗಳಲ್ಲಿ ಕ್ಲಬ್‌ಗಳ ನಡುವೆ ಬಡವ–ಬಲ್ಲಿದರ ಅಂತರ ಬೆಳೆಯಿತು. ಜನ ಕಿಕ್ಕಿರಿದು ಬರುತ್ತಿದ್ದ ದೊಡ್ಡ ಕ್ಲಬ್‌ಗಳಿಗೆ ತಮ್ಮ ಗೇಟಿನ ಹಣವನ್ನು ಸಣ್ಣವರೊಂದಿಗೆ ಹಂಚಿಕೊಳ್ಳುವ ಮನಸ್ಸಿರಲಿಲ್ಲ. 1896ರಲ್ಲಿ 13 ಕ್ಲಬ್‌ಗಳ ಪೈಕಿ ಎಂಟು ಹೊರನಡೆದು ವಿಕ್ಟೋರಿಯನ್ ಫುಟ್‌ಬಾಲ್ ಲೀಗ್ ಕಟ್ಟಿಕೊಂಡವು, 1897ರಿಂದ ಬೇರೆಯಾಗಿ ಆಡತೊಡಗಿದವು. ಹಳೆಯ ಅಸೋಸಿಯೇಷನ್‌ನಲ್ಲಿ ಉಳಿದವು ಐದು. ಅವು ಒಂದೇ ವರ್ಷದಲ್ಲಿ, ಆಟದಲ್ಲಿ ಸೋಲದೆ, ಎರಡನೇ ಸಾಲಿನವಾದವು. ಎಷ್ಟೋ ಟೂರ್ನಿಗಳು ಕೆಳಗಿನ ಸಾಲಿಗೆ ಬೀಳುವುದು ಹೀಗೆಯೇ. ಕಾರಣ ಲೆಕ್ಕದ ಪುಸ್ತಕದಲ್ಲಿರುತ್ತದೆ.

ಉಳಿದ ಐದು ಸಾಯಲಿಲ್ಲ. ಪೋರ್ಟ್ ಮೆಲ್ಬರ್ನ್‌ಗೆ ಹಡಗುಕಟ್ಟೆಯ ಕೂಲಿಗಳ ಬೀದಿಗಳಿದ್ದವು, ವಿಲಿಯಮ್ಸ್‌ಟೌನ್‌ಗೆ ಕಡಲದಂಡೆಯ ತನ್ನದೇ ಅಂಗಳವಿತ್ತು. ಹೊಸ ಬಡಾವಣೆಗಳು ಬೆಳೆದಂತೆ ಹೊಸ ಕ್ಲಬ್‌ಗಳು ಸೇರಿದವು. ಮೇಲಿನವರು ಆಗಾಗ ಕೈಹಾಕಿ ಒಳ್ಳೆಯವನ್ನು ಎತ್ತಿಕೊಂಡು ಹೋಗುತ್ತಲೇ ಇದ್ದರು. 1908ರಲ್ಲಿ ರಿಚ್ಮಂಡ್ ಹೋಯಿತು. 1925ರಲ್ಲಿ ಫುಟ್ಸ್‌ಕ್ರೇ, ಹಾಥಾರ್ನ್, ನಾರ್ತ್ ಮೆಲ್ಬರ್ನ್ ಒಟ್ಟಿಗೇ ಹೋದವು.

1938ರಲ್ಲಿ ಅಸೋಸಿಯೇಷನ್ ತಿರುಗಿಬಿತ್ತು. ಎರಡೂ ಕೈಯಿಂದ ಭುಜದ ಕೆಳಗೆ ಚೆಂಡನ್ನು ಎಸೆಯಬಹುದು ಎಂದು ತನ್ನದೇ ನಿಯಮ ಮಾಡಿತು. ಆಟ ಒಮ್ಮೆಲೇ ಚುರುಕಾಯಿತು. ಜತೆಗೆ ಮೇಲಿನ ಲೀಗಿನ ತಾರೆಯರಿಗೆ ಹಣ ತೋರಿಸಿ ಅವರ ಕ್ಲಬ್‌ಗಳ ಅಪ್ಪಣೆ ಕೇಳದೆ ಕರೆತಂದಿತು. ಹಾಗೆ ಬಂದವರಲ್ಲಿ ಒಬ್ಬ ಲಾರಿ ನ್ಯಾಶ್, ಆಸ್ಟ್ರೇಲಿಯಾ ಪರ ಎರಡು ಟೆಸ್ಟ್ ಆಡಿದ್ದ ವೇಗದ ಬೌಲರ್. ಮತ್ತೊಬ್ಬ ರಾನ್ ಟಾಡ್. ವಿಲಿಯಮ್ಸ್‌ಟೌನ್ ಪರ 1945ರ ಒಂದೇ ಋತುವಿನಲ್ಲಿ 188 ಗೋಲು ಹೊಡೆದ. ಎಸೆತದ ನಿಯಮ 1949ರವರೆಗೆ ಇತ್ತು. ರಾಷ್ಟ್ರೀಯ ಮಂಡಳಿಯಲ್ಲಿ ಜಾಗ ಸಿಕ್ಕ ಮೇಲೆ ಅಸೋಸಿಯೇಷನ್ ಅದನ್ನು ಬಿಟ್ಟುಕೊಟ್ಟಿತು.

ಆಮೇಲೆ ಅದು ಮಾಡಿದ ದೊಡ್ಡ ಕೆಲಸ, ಮೇಲಿನವರು ಬಿಟ್ಟ ಖಾಲಿ ಜಾಗ ಹಿಡಿದದ್ದು. ಮುಖ್ಯ ಲೀಗ್ ಶನಿವಾರ ಆಡುತ್ತಿತ್ತು, ಅಸೋಸಿಯೇಷನ್ 1960ರಿಂದ ಭಾನುವಾರ ಆಡತೊಡಗಿತು. 1961ರಲ್ಲಿ ಎರಡು ಡಿವಿಜನ್ ಮಾಡಿತು. ಗೆದ್ದವರು ಮೇಲಕ್ಕೆ, ಸೋತವರು ಕೆಳಕ್ಕೆ. ಡ್ಯಾಂಡೆನಾಂಗ್, ವೆರಿಬಿ, ಫ್ರಾಂಕ್‌ಸ್ಟನ್‌ನಂಥ ಊರಂಚಿನ ಕ್ಲಬ್‌ಗಳಿಗೂ ಒಂದು ಏಣಿ ಸಿಕ್ಕಿತು. 1967ರಿಂದ ಭಾನುವಾರದ ಪಂದ್ಯ ಟಿವಿಯಲ್ಲಿ ಬಂತು. 1970ರ ದಶಕ ಅದರ ಸುಗ್ಗಿಕಾಲ.

ಅದು ಮುಗಿದದ್ದೂ ಭಾನುವಾರದಿಂದಲೇ. 1982ರಲ್ಲಿ ಸೌತ್ ಮೆಲ್ಬರ್ನ್ ಎಂಬ ದೊಡ್ಡ ಕ್ಲಬ್ ಸಿಡ್ನಿಗೆ ಹೋಯಿತು. ಅಲ್ಲಿ ಭಾನುವಾರ ಆಡಿತು, ಆ ಪಂದ್ಯ ಮೆಲ್ಬರ್ನ್‌ನ ಮನೆಮನೆಯ ಟಿವಿಗೆ ಬಂತು. ಅಸೋಸಿಯೇಷನ್ ತನ್ನದೆಂದುಕೊಂಡಿದ್ದ ದಿನವೇ ಕೈತಪ್ಪಿತು. ಎರಡು ಡಿವಿಜನ್ ಪದ್ಧತಿ 1988ಕ್ಕೆ ಕೊನೆಯಾಯಿತು, ಹಲವು ಕ್ಲಬ್‌ಗಳು ಬಾಗಿಲು ಹಾಕಿದವು. 1990ರಲ್ಲಿ ದೊಡ್ಡ ಲೀಗ್ ರಾಷ್ಟ್ರದ ಹೆಸರಿಟ್ಟುಕೊಂಡು ಎಎಫ್‌ಎಲ್ ಆಯಿತು. ಅದು ಬಿಟ್ಟುಹೋದ ಹಳೆಯ ಹೆಸರು ವಿಎಫ್‌ಎಲ್ 1996ರಿಂದ ಈ ಎರಡನೇ ಸಾಲಿಗೆ ಬಂತು. ಈಗ ಅಲ್ಲಿ ದೊಡ್ಡ ಕ್ಲಬ್‌ಗಳ ಮೀಸಲು ತಂಡಗಳೇ ಹೆಚ್ಚು. ಆದರೂ ಪೋರ್ಟ್ ಮೆಲ್ಬರ್ನ್, ವಿಲಿಯಮ್ಸ್‌ಟೌನ್ ತಮ್ಮ ಹಳೆಯ ಅಂಗಳಗಳಲ್ಲಿ ಆಡುತ್ತಲೇ ಇವೆ. ಹಣ, ತಾರೆ, ಟಿವಿ, ಭಾನುವಾರ ಒಂದೊಂದಾಗಿ ಹೋದರೂ ಊರನ್ನು ಹಿಡಿದುಕೊಂಡವು ಉಳಿದವು.

ಈಗ ನಮ್ಮ ಕಡೆಗೆ ಬರೋಣ. ಕರ್ನಾಟಕದ ಕ್ರಿಕೆಟಿನಲ್ಲಿ ಹುಬ್ಬಳ್ಳಿ–ಧಾರವಾಡ ಎರಡನೇ ಸಾಲಿನಲ್ಲಿ ಕುಳಿತದ್ದಕ್ಕೆ ಭೂಪಟ ಕಾರಣ. ಮೈಸೂರು ರಾಜ್ಯ ಕ್ರಿಕೆಟ್ ಸಂಸ್ಥೆ ಹುಟ್ಟಿದ್ದು 1933ರಲ್ಲಿ, ಬೆಂಗಳೂರಿನಲ್ಲಿ. ರಣಜಿ ಟ್ರೋಫಿಯ ಮೊಟ್ಟಮೊದಲ ಪಂದ್ಯವನ್ನು ಆಡಿದ್ದೇ ಮೈಸೂರು. 1934ರ ನವೆಂಬರ್ 4ರಂದು ಚೆಪಾಕ್‌ನಲ್ಲಿ ಮದ್ರಾಸ್ ವಿರುದ್ಧ ಶುರುವಾದ ಆ ಪಂದ್ಯ ಒಂದೇ ದಿನದಲ್ಲಿ ಮುಗಿಯಿತು, ಮೈಸೂರು ಸೋತಿತು. ಆ ಹೊತ್ತಿಗೆ ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿತ್ತು. ಇಲ್ಲಿನ ಹುಡುಗನಿಗೆ ಮೈಸೂರಿನ ತಂಡ ಪರರಾಜ್ಯದ ತಂಡ. 1956ರ ನವೆಂಬರ್ 1ರಂದು ಏಕೀಕರಣವಾದ ಮೇಲಷ್ಟೇ ಬೆಂಗಳೂರು ಇಲ್ಲಿನ ಕ್ರಿಕೆಟಿಗೂ ರಾಜಧಾನಿಯಾಯಿತು. ಅಷ್ಟು ಹೊತ್ತಿಗೆ ಅಲ್ಲಿನ ಕ್ಲಬ್‌ಗಳು, ಲೀಗ್‌ಗಳು, ಆಯ್ಕೆಯ ದಾರಿಗಳು ಎರಡು ದಶಕಗಳಿಂದ ಬೇರುಬಿಟ್ಟಿದ್ದವು. 1973ರಲ್ಲಿ ರಾಜ್ಯದ ಹೆಸರು ಕರ್ನಾಟಕವಾಯಿತು, ಸಂಸ್ಥೆಯದೂ ಬದಲಾಯಿತು. 1973–74ರಲ್ಲಿ ಮೊದಲ ಬಾರಿ ರಣಜಿ ಟ್ರೋಫಿ ಬಂತು. ಪ್ರಸನ್ನ, ಚಂದ್ರಶೇಖರ್, ವಿಶ್ವನಾಥ್ ಇದ್ದ ಆ ಕಾಲದ ತಂಡ ಬೆಂಗಳೂರು–ಮೈಸೂರಿನ ಅಂಗಳಗಳಲ್ಲಿ ಪಳಗಿದ್ದು.

ಬೆಂಗಳೂರಿನ ಹೊರಗಿನ ಕ್ರಿಕೆಟನ್ನು ಸಂಸ್ಥೆ ವಲಯಗಳಾಗಿ ಹಂಚಿದೆ: ಮೈಸೂರು, ತುಮಕೂರು, ಶಿವಮೊಗ್ಗ, ಮಂಗಳೂರು, ರಾಯಚೂರು, ಧಾರವಾಡ. ಪ್ರತಿ ವಲಯದಲ್ಲೂ ಡಿವಿಜನ್ ಲೀಗ್ ಇದೆ. ಹುಬ್ಬಳ್ಳಿ, ಧಾರವಾಡ, ಬೆಳಗಾವಿ, ಗದಗದ ಕ್ಲಬ್‌ಗಳು ಕಾದಾಡುವುದು ಧಾರವಾಡ ವಲಯದ ಲೀಗ್‌ನಲ್ಲಿ. ಇದು ಭಾನುವಾರದ ಕ್ರಿಕೆಟ್, ಬಹುಕಾಲ ಮ್ಯಾಟಿನ ಮೇಲಿನ ಕ್ರಿಕೆಟ್. ಬ್ಯಾಂಕಿನವರು, ರೈಲ್ವೆಯವರು, ಕಾಲೇಜು ಹುಡುಗರು, ಅಂಗಡಿ ಇಟ್ಟವರು ಒಂದೇ ತಂಡದಲ್ಲಿ ಆಡುವ ಕ್ರಿಕೆಟ್. ಇಲ್ಲಿ ಮಿಂಚಿದವನು ವಲಯದ ತಂಡಕ್ಕೆ, ಅಂತರ ವಲಯ ಪಂದ್ಯಗಳಲ್ಲಿ ಮಿಂಚಿದರೆ ರಾಜ್ಯದ 16, 19, 23 ವಯೋಮಿತಿಯ ತಂಡಗಳಿಗೆ, ಆಮೇಲೆ ರಣಜಿಗೆ. ಕಾಗದದ ಮೇಲೆ ಏಣಿ ನೇರವಾಗಿಯೇ ಇದೆ. ಆದರೆ ಮೆಟ್ಟಿಲಿಗೂ ಮೆಟ್ಟಿಲಿಗೂ ನಡುವೆ ನಾಲ್ಕುನೂರು ಕಿಲೋಮೀಟರ್ ದಾರಿ ಇದೆ. ಆಯ್ಕೆಗಾರರ ಕಣ್ಣಿಗೆ ಬೀಳಬೇಕೆಂದರೆ ಹುಡುಗ ರಾತ್ರಿ ರೈಲು ಹತ್ತಬೇಕು.

ಆ ದಾರಿಯನ್ನು ದಾಟಿ ತೋರಿಸಿದವರು ಗದುಗಿನ ಸುನೀಲ್ ಜೋಶಿ. ಹುಡುಗನಾಗಿದ್ದಾಗ ಅವರು ಬೆಳಗಿನ ಜಾವ ಗದಗದಿಂದ ಹುಬ್ಬಳ್ಳಿಗೆ, ಅಂದರೆ ಸುಮಾರು 60 ಕಿಲೋಮೀಟರ್, ನೆಟ್ಸ್‌ಗಾಗಿ ಬಂದು ಶಾಲೆಯ ಹೊತ್ತಿಗೆ ಊರಿಗೆ ಮರಳುತ್ತಿದ್ದರು. ಆ ಎಡಗೈ ಸ್ಪಿನ್ನರ್ 1996ರಲ್ಲಿ ಭಾರತದ ಪರ ಟೆಸ್ಟ್ ಆಡಿದರು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ 10 ಓವರ್‌ಗಳಲ್ಲಿ ಆರು ಮೇಡನ್ ಹಾಕಿ, ಆರೇ ರನ್ ಕೊಟ್ಟು ಐದು ವಿಕೆಟ್ ಕಿತ್ತರು. 2000ದಲ್ಲಿ ಬಾಂಗ್ಲಾದೇಶ ತನ್ನ ಮೊಟ್ಟಮೊದಲ ಟೆಸ್ಟ್ ಆಡಿದಾಗ ಢಾಕಾದಲ್ಲಿ ಒಂದು ಇನಿಂಗ್ಸ್‌ನಲ್ಲಿ ಐದು ವಿಕೆಟ್ ಪಡೆದು, 92 ರನ್ನೂ ಹೊಡೆದು ಪಂದ್ಯಶ್ರೇಷ್ಠರಾದರು. 2020ರಲ್ಲಿ ರಾಷ್ಟ್ರೀಯ ಆಯ್ಕೆ ಸಮಿತಿಯ ಅಧ್ಯಕ್ಷರೂ ಆದರು. ಇಂಥವರನ್ನು ನೆನೆದು ಹೆಮ್ಮೆಪಡುವುದು ಸುಲಭ. ಅಷ್ಟು ಕಷ್ಟಪಡಲು ಆಗದೆ ನಡುದಾರಿಯಲ್ಲಿ ಬ್ಯಾಟು ಕೆಳಗಿಟ್ಟವರು ಎಷ್ಟು ಮಂದಿ ಎಂಬ ಲೆಕ್ಕ ಮಾತ್ರ ಯಾವ ಸ್ಕೋರ್‌ಬುಕ್ಕಿನಲ್ಲೂ ಇರುವುದಿಲ್ಲ.

2008ರಲ್ಲಿ ಐಪಿಎಲ್ ಬಂತು. ಮರುವರ್ಷವೇ ರಾಜ್ಯ ಸಂಸ್ಥೆ ಕರ್ನಾಟಕ ಪ್ರೀಮಿಯರ್ ಲೀಗ್ ಶುರುಮಾಡಿತು. ತಮಿಳುನಾಡು ತನ್ನ ಲೀಗ್ ತಂದದ್ದು 2016ರಲ್ಲಿ, ಅಂದರೆ ಈ ದಾರಿಯಲ್ಲಿ ನಾವು ಏಳು ವರ್ಷ ಮುಂದಿದ್ದೆವು. ಉಪಾಯ ಚೆನ್ನಾಗಿತ್ತು. ತಂಡಗಳಿಗೆ ರಾಜ್ಯದ ಊರುಗಳ, ಸೀಮೆಗಳ ಹೆಸರು, ಖಾಸಗಿ ಒಡೆಯರು, ಹರಾಜಿನಲ್ಲಿ ಆಟಗಾರರು, ಟಿವಿಯಲ್ಲಿ ಪಂದ್ಯ. ವಲಯದ ಲೀಗ್‌ನಲ್ಲಿ ಕಾಣದೇ ಉಳಿದವನು ಒಂದೇ ವಾರದಲ್ಲಿ ಕಾಣಿಸಿಕೊಳ್ಳಬಹುದಿತ್ತು. ತಂಡವು ತನ್ನ ಸೀಮೆಯ ಕೆಲವರನ್ನು ಸೇರಿಸಿಕೊಳ್ಳಬೇಕೆಂಬ ನಿಯಮವನ್ನೂ ತಂದರು.

ಎರಡು ಆವೃತ್ತಿಯಾದ ಮೇಲೆ ಲೀಗ್ ನಿಂತುಹೋಯಿತು. 2010ರ ಕೊನೆಯಲ್ಲಿ ಅನಿಲ್ ಕುಂಬ್ಳೆ ಸಂಸ್ಥೆಯ ಅಧ್ಯಕ್ಷರಾದರು, ಜಾವಗಲ್ ಶ್ರೀನಾಥ್ ಕಾರ್ಯದರ್ಶಿಯಾದರು. ಅವರ ಅವಧಿಯಲ್ಲಿ ಲೀಗ್ ನಡೆಯಲಿಲ್ಲ. ಬೆಂಗಳೂರಿನ ಹೊರಗೆ ಮೈದಾನಗಳನ್ನು ಬೆಳೆಸುವ ಕೆಲಸ ಮಾತ್ರ ನಡೆಯಿತು. ಇದು ಗಮನಿಸಬೇಕಾದ ಸಂಗತಿ. 2013ರ ಅಕ್ಟೋಬರ್‌ನಲ್ಲಿ ಭಾರತ ‘ಎ’ ಮತ್ತು ವೆಸ್ಟ್ ಇಂಡೀಸ್ ‘ಎ’ ತಂಡಗಳು ಹುಬ್ಬಳ್ಳಿಯಲ್ಲಿ ಆಡಿದವು. ಚೇತೇಶ್ವರ ಪೂಜಾರ ಅಜೇಯ 306 ರನ್ ಹೊಡೆದದ್ದು ಆ ಪಂದ್ಯದಲ್ಲೇ. ನಾಲ್ಕು ದಿನ ದೊಡ್ಡ ಕ್ರಿಕೆಟನ್ನು ಹೊರಬಲ್ಲ ಅಂಗಳ ನಮ್ಮೂರಿನಲ್ಲಿದೆ ಎಂಬುದು ಅಂದೇ ಸಾಬೀತಾಗಿತ್ತು.

ಲೀಗ್ 2014ರಲ್ಲಿ ಮರಳಿತು. ಆಮೇಲಿನ ಕೆಲವು ವರ್ಷ ಅದು ತಾನು ಮಾಡಬೇಕಾದ ಕೆಲಸವನ್ನು ಚೆನ್ನಾಗಿಯೇ ಮಾಡಿತು. ಕೊಡಗಿನ ಕೆ.ಸಿ. ಕಾರ್ಯಪ್ಪ ಎಂಬ ಸ್ಪಿನ್ನರ್ ಬಿಜಾಪುರ ಬುಲ್ಸ್ ಪರ ಬೌಲ್ ಮಾಡಿದ್ದನ್ನು ಕಂಡು ಕೋಲ್ಕತ್ತ ನೈಟ್ ರೈಡರ್ಸ್ 2015ರ ಹರಾಜಿನಲ್ಲಿ 2.40 ಕೋಟಿ ರೂಪಾಯಿ ಕೊಟ್ಟಿತು. ಅವರ ಮೂಲ ಬೆಲೆ 10 ಲಕ್ಷ. ಆಗಿನ್ನೂ ಅವರು ರಾಜ್ಯದ ಪರ ಒಂದು ಪ್ರಥಮ ದರ್ಜೆ ಪಂದ್ಯವನ್ನೂ ಆಡಿರಲಿಲ್ಲ. ಮರುವರ್ಷ ನಮ್ಮ ಟೈಗರ್ಸ್‌ನ ಸರದಿ. ತಲೆಯನ್ನು ಆಕಾಶಕ್ಕೆತ್ತಿ, ಮೈಯನ್ನು ತಿರುಚಿ ಎಡಗೈಯಿಂದ ಚೆಂಡು ಬಿಡುತ್ತಿದ್ದ ಶಿವಿಲ್ ಕೌಶಿಕ್ ದಕ್ಷಿಣ ಆಫ್ರಿಕಾದ ಪಾಲ್ ಆಡಮ್ಸ್‌ನನ್ನು ನೆನಪಿಸುತ್ತಿದ್ದರು. ಹುಬ್ಬಳ್ಳಿ ಟೈಗರ್ಸ್ ಪರ ಆಡಿದ್ದ ಅವರನ್ನು ಗುಜರಾತ್ ಲಯನ್ಸ್ 10 ಲಕ್ಷಕ್ಕೆ ಕೊಂಡಿತು. ಅವರೂ ಪ್ರಥಮ ದರ್ಜೆ ಆಡಿದವರಲ್ಲ. ವಲಯ, ಅಂತರ ವಲಯ, ವಯೋಮಿತಿ, ರಣಜಿ ಎಂಬ ಉದ್ದನೆಯ ಏಣಿಯ ಪಕ್ಕದಲ್ಲಿ ಇನ್ನೊಂದು ಗಿಡ್ಡ ಏಣಿ ಹುಟ್ಟಿಕೊಂಡಿತ್ತು. ಆ ಕಾಲದಲ್ಲಿ ಪಂದ್ಯಗಳೂ ಊರುಗಳಿಗೆ ಬರುತ್ತಿದ್ದವು. 2017ರ ಸೆಪ್ಟೆಂಬರ್‌ನಲ್ಲಿ ರಾಜನಗರದಲ್ಲೇ ಕೆಪಿಎಲ್ ಪಂದ್ಯಗಳು ನಡೆದವು.

2019ರ ಆಗಸ್ಟ್ 31ರಂದು ಮೈಸೂರಿನಲ್ಲಿ ಫೈನಲ್. ದಾವಣಗೆರೆಯ ಆರ್. ವಿನಯ್ ಕುಮಾರ್ ನಾಯಕತ್ವದ ಹುಬ್ಬಳ್ಳಿ ಟೈಗರ್ಸ್ 152 ರನ್ ಮಾಡಿತು, ಬಳ್ಳಾರಿ ಟಸ್ಕರ್ಸ್ 144ಕ್ಕೆ ಆಲೌಟ್ ಆಯಿತು. ಎಂಟು ರನ್ನಿನ ಗೆಲುವು, ಹುಬ್ಬಳ್ಳಿಗೆ ಮೊದಲ ಕಿರೀಟ. ಸಂಭ್ರಮ ಎರಡು ತಿಂಗಳೂ ಬಾಳಲಿಲ್ಲ. ಬೆಂಗಳೂರಿನ ಕೇಂದ್ರ ಅಪರಾಧ ವಿಭಾಗದ ಪೊಲೀಸರು ಲೀಗ್‌ನಲ್ಲಿ ಬೆಟ್ಟಿಂಗ್, ಫಿಕ್ಸಿಂಗ್ ನಡೆದಿದೆ ಎಂದು ಬಂಧನಗಳನ್ನು ಆರಂಭಿಸಿದರು. ಬೇರೊಂದು ತಂಡದ ಒಡೆಯರು ಸೆರೆಯಾದರು. ನವೆಂಬರ್‌ನಲ್ಲಿ ಬಳ್ಳಾರಿ ತಂಡದ ಇಬ್ಬರು ಆಟಗಾರರು ಸೆರೆಯಾದರು. ಫೈನಲ್‌ನಲ್ಲಿ ಹಣ ಪಡೆದು ನಿಧಾನವಾಗಿ ಬ್ಯಾಟ್ ಮಾಡಿದರು ಎಂಬುದು ಪೊಲೀಸರ ಆರೋಪ. ಲೀಗ್ ಅಲ್ಲಿಗೇ ನಿಂತಿತು.

ಪ್ರಕರಣ ಹೈಕೋರ್ಟಿಗೆ ಹೋದಾಗ ಒಂದು ಕುತೂಹಲದ ಕಾನೂನಿನ ಪ್ರಶ್ನೆ ಎದ್ದಿತು. ಪಂದ್ಯ ಫಿಕ್ಸ್ ಮಾಡಿದರೆ ಅದು ವಂಚನೆಯೇ? ಭಾರತೀಯ ದಂಡಸಂಹಿತೆಯ 420ನೇ ಕಲಮಿಗೆ ಅದು ಒಳಪಡುವುದಿಲ್ಲ ಎಂದು 2022ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್ ಹೇಳಿತು. ನ್ಯಾಯಾಲಯದ ತರ್ಕ ಹೀಗಿತ್ತು: ಫಿಕ್ಸಿಂಗ್ ಆಟಗಾರನ ಅಪ್ರಾಮಾಣಿಕತೆಯನ್ನೂ ಅಶಿಸ್ತನ್ನೂ ತೋರಿಸಬಹುದು. ಆದರೆ ಪ್ರೇಕ್ಷಕ ತನ್ನಿಚ್ಛೆಯಿಂದ ಟಿಕೆಟ್ ಕೊಳ್ಳುತ್ತಾನೆ, ಯಾರೂ ಅವನನ್ನು ನಂಬಿಸಿ ಹಣ ಕಸಿದುಕೊಂಡಿರುವುದಿಲ್ಲ. ಶಿಸ್ತುಕ್ರಮ ಬೇಕಿದ್ದರೆ ಅದು ಕ್ರಿಕೆಟ್ ಮಂಡಳಿಯ ಕೆಲಸ. ಪ್ರಕರಣ ರದ್ದಾಯಿತು. ಅಂದರೆ ಯಾರ ಮೇಲೂ ಅಪರಾಧ ರುಜುವಾಗಲಿಲ್ಲ, ಹುಬ್ಬಳ್ಳಿಯ ಗೆಲುವಿನ ಸುತ್ತ ಎದ್ದ ಧೂಳೂ ಪೂರ್ತಿ ಇಳಿಯಲಿಲ್ಲ.

ಇಲ್ಲಿ ನಾನು ಹೇಳಬೇಕೆಂದಿರುವುದು ಕಾನೂನಿನ ಮಾತಲ್ಲ. ಫಿಕ್ಸಿಂಗ್ ಎಂಬ ರೋಗ ಮೊದಲು ಹಿಡಿಯುವುದು ಎರಡನೇ ಸಾಲಿನ ಟೂರ್ನಿಗಳನ್ನು. ಪಂದ್ಯ ಟಿವಿಯಲ್ಲಿ ಬರುತ್ತದೆ, ಆದ್ದರಿಂದ ಬೆಟ್ಟಿಂಗ್ ಕಟ್ಟಲು ಸಾಧ್ಯ. ಆಟಗಾರನ ಸಂಭಾವನೆ ಕೆಲವೇ ಲಕ್ಷ, ಆದ್ದರಿಂದ ಆಮಿಷ ಒಡ್ಡಲು ಸಾಧ್ಯ. ಕಾವಲು ಕಡಿಮೆ, ಆದ್ದರಿಂದ ಸಿಕ್ಕಿಬೀಳುವ ಭಯವೂ ಕಡಿಮೆ. ಇವುಗಳ ಜತೆಗೆ ಯಾರೂ ಹೇಳದ ಇನ್ನೊಂದು ಕಾರಣವಿದೆ. ಖಾಲಿ ಕುರ್ಚಿಗಳ ಎದುರು, ಪರವೂರಿನಲ್ಲಿ, ಹರಾಜಿನಲ್ಲಿ ಅಂಟಿದ ಹೆಸರಿನ ಪರ ಆಡುವವನಿಗೆ ಸೋಲು ಚುಚ್ಚುವುದಿಲ್ಲ. ಓಣಿಯ ಮಂದಿ ನೋಡುತ್ತ ಕುಳಿತಿದ್ದಾಗ ನಿಧಾನವಾಗಿ ಆಡಿದವನು ಮರುದಿನ ಬೆಳಿಗ್ಗೆ ಚಹಾದಂಗಡಿಯಲ್ಲಿ ಉತ್ತರ ಕೊಡಬೇಕಾಗುತ್ತದೆ. ಇದರಿಂದ ಎಲ್ಲ ಕಳ್ಳತನ ನಿಲ್ಲುತ್ತದೆ ಎಂದು ನಂಬುವಷ್ಟು ಮುಗ್ಧತೆ ಬೇಡ. ಆದರೆ ಊರಿನ ಕಣ್ಣು ಸಂಬಳವಿಲ್ಲದ ಕಾವಲುಗಾರ ಎಂಬುದಂತೂ ನಿಜ.

2022ರಲ್ಲಿ ಹೊಸ ಹೆಸರಿನಿಂದ ಟೂರ್ನಿ ಮತ್ತೆ ಬಂತು, ಮಹಾರಾಜ ಟ್ರೋಫಿ. ಆರು ತಂಡಗಳು: ಬೆಂಗಳೂರು, ಮೈಸೂರು, ಮಂಗಳೂರು, ಶಿವಮೊಗ್ಗ, ಗುಲ್ಬರ್ಗ, ಹುಬ್ಬಳ್ಳಿ. ಮೊದಲ ಕಿರೀಟ ಮನೀಶ್ ಪಾಂಡೆ ನಾಯಕತ್ವದ ಗುಲ್ಬರ್ಗಕ್ಕೆ. ಮರುವರ್ಷ ಪಾಂಡೆ ಹುಬ್ಬಳ್ಳಿಗೆ ಬಂದರು, ಕಿರೀಟವೂ ಅವರ ಹಿಂದೆ ಬಂತು. 2023ರ ಫೈನಲ್‌ನಲ್ಲಿ ಟೈಗರ್ಸ್ 203, ಮೈಸೂರು ವಾರಿಯರ್ಸ್ 195. ಮತ್ತದೇ ಎಂಟು ರನ್. 2025ರಲ್ಲಿ ದೇವದತ್ತ ಪಡಿಕ್ಕಲ್ ಅವರನ್ನು 13.20 ಲಕ್ಷ ಕೊಟ್ಟು ತಂದ ಹುಬ್ಬಳ್ಳಿ ಫೈನಲ್‌ವರೆಗೆ ಹೋಗಿ ಮಂಗಳೂರು ಡ್ರ್ಯಾಗನ್ಸ್‌ಗೆ ಸೋತಿತು. ಆ ಪಂದ್ಯ ಮಳೆಗೆ ಸಿಕ್ಕಿ, ಕೇರಳದ ಎಂಜಿನಿಯರ್ ವಿ. ಜಯದೇವನ್ ರೂಪಿಸಿದ ವಿಜೆಡಿ ಲೆಕ್ಕದಲ್ಲಿ ಇತ್ಯರ್ಥವಾಯಿತು.

ಮೇಲಿನವರಿಗೆ ಆಟಗಾರರನ್ನು ಒದಗಿಸುವ ಕೆಲಸವಂತೂ ಮೊದಲಿಗಿಂತ ಜೋರಾಗಿದೆ. 2024ರಲ್ಲಿ ಶಿವಮೊಗ್ಗ ತಂಡದ ಅಭಿನವ್ ಮನೋಹರ್ 507 ರನ್ ಹೊಡೆದರು, ಅದರಲ್ಲಿ 52 ಸಿಕ್ಸರ್. ಸನ್‌ರೈಸರ್ಸ್ ಹೈದರಾಬಾದ್ ಅವರಿಗೆ 3.20 ಕೋಟಿ ಕೊಟ್ಟಿತು. ಅದೇ ಹರಾಜಿನಲ್ಲಿ ಹುಬ್ಬಳ್ಳಿ ಟೈಗರ್ಸ್‌ನ ಮನ್ವಂತ್ ಕುಮಾರ್ ಡೆಲ್ಲಿ ಕ್ಯಾಪಿಟಲ್ಸ್‌ಗೂ ಕೆ.ಎಲ್. ಶ್ರೀಜಿತ್ ಮುಂಬೈ ಇಂಡಿಯನ್ಸ್‌ಗೂ 30 ಲಕ್ಷಕ್ಕೆ ಹೋದರು. ಆ ಡಿಸೆಂಬರ್‌ನಲ್ಲಿ ವಿಜಯ್ ಹಜಾರೆ ಟ್ರೋಫಿಯಲ್ಲಿ ಮುಂಬೈ ವಿರುದ್ಧ 383 ರನ್ ಬೆನ್ನಟ್ಟಿದಾಗ ಶ್ರೀಜಿತ್ ಅಜೇಯ 150 ಹೊಡೆದು ಗೆಲ್ಲಿಸಿದರು. 2024ರಲ್ಲಿ ಮೈಸೂರು ತಂಡವನ್ನು ಕಿರೀಟದತ್ತ ನಡೆಸಿದ ಕರುಣ್ ನಾಯರ್ ಮರುವರ್ಷ ಭಾರತದ ಟೆಸ್ಟ್ ತಂಡಕ್ಕೆ ಮರಳಿದರು. ಹೀಗೆ ಎರಡು ಆಸ್ತಿಗಳಲ್ಲಿ ಒಂದು ಗಟ್ಟಿಯಾಗಿದೆ. ಇನ್ನೊಂದು, ಊರು, ಕೈಬಿಟ್ಟುಹೋಗಿದೆ.

ಕೈಬಿಡಲು ಸಂಸ್ಥೆಗೂ ಕಾರಣಗಳಿವೆ, ಅವನ್ನು ಅರ್ಥಮಾಡಿಕೊಳ್ಳಬೇಕು. ಮಾರ್ಚ್‌ನಿಂದ ಮೇ ಕೊನೆಯವರೆಗೆ ಐಪಿಎಲ್. ಆಗಸ್ಟ್ ಕೊನೆ, ಸೆಪ್ಟೆಂಬರ್‌ನಿಂದ ದುಲೀಪ್, ರಣಜಿ, ಹಜಾರೆ, ಮುಷ್ತಾಕ್ ಅಲಿ. ರಾಜ್ಯದ ಲೀಗಿಗೆ ಉಳಿಯುವುದು ಮಳೆಗಾಲ ಮಾತ್ರ. ಧಾರವಾಡ ಸೀಮೆ ಮಲೆನಾಡಿನ ಸೆರಗು. ಇಲ್ಲಿನ ಜಿಟಿಜಿಟಿ ಮಳೆ ಹಿಡಿದರೆ ದಿನಗಟ್ಟಲೆ ಬಿಡುವುದಿಲ್ಲ. ಚಿನ್ನಸ್ವಾಮಿಯಲ್ಲಾದರೆ ನೆಲದಡಿಯ ಕೊಳವೆಗಳಿಂದ ನೀರನ್ನು ಎಳೆದು ಹೊರಹಾಕುವ ಸಬ್‌ಏರ್ ವ್ಯವಸ್ಥೆ 2017ರಿಂದ ಇದೆ. ಮಳೆ ನಿಂತ ಸ್ವಲ್ಪ ಹೊತ್ತಿಗೇ ಆಟ ಶುರುಮಾಡಬಹುದು. ಟಿವಿ ಕಂಪನಿಗೂ ಕ್ಯಾಮೆರಾ, ಕೇಬಲ್ಲು, ಜನ ಎಲ್ಲವನ್ನೂ ಒಂದೇ ಕಡೆ ಇಟ್ಟುಕೊಂಡರೆ ಖರ್ಚು ಕಡಿಮೆ. ತಂಡಗಳಿಗೆ ಪ್ರಯಾಣವಿಲ್ಲ. ಲೆಕ್ಕ ಎಲ್ಲವೂ ಒಂದೇ ಅಂಗಳದ ಕಡೆಗೆ ವಾಲುತ್ತದೆ.

ಆದರೆ ಈ ಲೆಕ್ಕ ಎಷ್ಟು ಗಟ್ಟಿ ಎಂಬುದನ್ನು 2025 ತೋರಿಸಿತು. ಜೂನ್ 4ರಂದು ಚಿನ್ನಸ್ವಾಮಿಯ ಹೊರಗೆ ಐಪಿಎಲ್ ವಿಜಯೋತ್ಸವದ ಕಾಲ್ತುಳಿತದಲ್ಲಿ 11 ಜನ ಸತ್ತರು. ಆ ಕ್ರೀಡಾಂಗಣಕ್ಕೆ ಬೀಗ ಬಿದ್ದಂತಾಯಿತು, ಆಗಸ್ಟ್‌ನ ಟೂರ್ನಿ ಮೈಸೂರಿಗೆ ಹೋಯಿತು. ಬೇರೆ ಊರಿನಲ್ಲಿ ನಡೆಸಲು ಆಗುವುದಿಲ್ಲ ಎನ್ನುತ್ತಿದ್ದುದು ಎರಡು ತಿಂಗಳಲ್ಲಿ ಆಯಿತು. ಮೈಸೂರಿಗೆ ಆದದ್ದು ಹುಬ್ಬಳ್ಳಿಗೆ ಯಾಕೆ ಆಗಬಾರದು? ಮಳೆ ಎಂದರೆ, ಆ ಫೈನಲ್ ಮಳೆಗೆ ಸಿಕ್ಕಿದ್ದು ಮೈಸೂರಿನಲ್ಲೇ.

ಎಲ್ಲ ಪಂದ್ಯಗಳೂ ಇಲ್ಲಿ ಬೇಕು ಎಂದು ಕೇಳುವುದು ಹಟಮಾರಿತನ. ಕೇಳಬೇಕಾದ್ದು ಬೇರೆ. ಟೂರ್ನಿಯ ಒಂದು ಸುತ್ತನ್ನು ಪ್ರತಿವರ್ಷ ಬೆಂಗಳೂರು, ಮೈಸೂರು ಬಿಟ್ಟು ಇನ್ನೊಂದು ಊರಿನಲ್ಲಿ ಸರದಿಯಂತೆ ನಡೆಸಲಿ. ಒಂದು ವರ್ಷ ಹುಬ್ಬಳ್ಳಿ, ಇನ್ನೊಂದು ವರ್ಷ ಶಿವಮೊಗ್ಗ. ಮಳೆಯ ಭಯವಿದ್ದರೆ ಹುಬ್ಬಳ್ಳಿಯ ಸುತ್ತಿಗೆ ಕಾಯ್ದಿರಿಸಿದ ದಿನಗಳನ್ನು ಹೆಚ್ಚಿಡಲಿ. ಆ ಸುತ್ತಿನ ಮೊದಲ ದಿನ ಬೆಳಿಗ್ಗೆ ಅದೇ ಪಿಚ್ಚಿನ ಮೇಲೆ ಧಾರವಾಡ ವಲಯದ ಮೊದಲ ಡಿವಿಜನ್ನಿನ ಫೈನಲ್ ಆಡಿಸಲಿ. ಫ್ರಾಂಚೈಸಿಯ ಪ್ರತಿಭಾ ಶೋಧಕರು ಹೇಗೂ ಅಲ್ಲೇ ಇರುತ್ತಾರೆ, ಅವರು ನೋಡಲಿ. ಸೀಮೆಯ ಆಟಗಾರರ ನಿಯಮವನ್ನು 18 ಜನರ ಪಟ್ಟಿಗಷ್ಟೇ ಬಿಡದೆ ಆಡುವ 11ಕ್ಕೂ ಅನ್ವಯಿಸಲಿ, ಕನಿಷ್ಠ ಒಬ್ಬನಿಗಾದರೂ. ಈಗ ಬೆಂಚಿನ ಮೇಲೆ ಕೂತು ನೀರು ಒಯ್ಯುವ ಹುಡುಗನ ಹೆಸರು ಪಟ್ಟಿಯಲ್ಲಿದ್ದರೆ ನಿಯಮ ಪಾಲಿಸಿದಂತೆ. ಅದು ಅವನಿಗೂ ಉಪಕಾರವಲ್ಲ, ನಮಗೂ ಅಲ್ಲ.

ಇದರಲ್ಲಿ ನಮ್ಮ ಪಾಲಿನ ಕೆಲಸವೂ ಇದೆ. ರಾಜನಗರದಲ್ಲಿ ರಣಜಿ ಪಂದ್ಯ ನಡೆದಾಗ ಎಷ್ಟು ಜನ ಹೋಗಿ ಕೂತೆವು? ವಲಯ ಲೀಗ್‌ನಲ್ಲಿ ಈ ವರ್ಷ ಗೆದ್ದ ಕ್ಲಬ್ ಯಾವುದೆಂದು ಕೇಳಿದರೆ ಕ್ರಿಕೆಟ್ ಹುಚ್ಚಿನವರಲ್ಲೂ ಎಷ್ಟು ಮಂದಿಗೆ ಗೊತ್ತು? ಮೆಲ್ಬರ್ನ್‌ನ ಅಸೋಸಿಯೇಷನ್ ದೊಡ್ಡವರ ಕೃಪೆಯಿಂದ ಬದುಕಿದ್ದಲ್ಲ. ಭಾನುವಾರ ಮಧ್ಯಾಹ್ನ ಓಣಿಯ ಅಂಗಳಕ್ಕೆ ಟಿಕೆಟ್ ಕೊಂಡು ಬಂದವರಿಂದ ಬದುಕಿದ್ದು. ಸ್ಥಳೀಯ ಪತ್ರಿಕೆಗಳು ವಲಯ ಲೀಗಿನ ಸ್ಕೋರನ್ನು ವಾರಕ್ಕೊಮ್ಮೆ ಅರ್ಧ ಕಾಲಂ ಹಾಕಿದರೂ ಸಾಕು. ನೂರು ಹೊಡೆದ ಹುಡುಗನ ಹೆಸರು ಅವನ ಕಾಲೇಜಿಗೆ, ಓಣಿಗೆ ಗೊತ್ತಾಗುತ್ತದೆ. ಹರಾಜಿನ ಪಟ್ಟಿ ಮಾಡುವವರಿಗೂ ಗೊತ್ತಾಗುತ್ತದೆ.

ಟೈಗರ್ಸ್‌ಗೆ ಎರಡು ಕಿರೀಟಗಳಿವೆ, ಒಂದು ವಿಶ್ವದಾಖಲೆಯ ಪಂದ್ಯವಿದೆ, ಐಪಿಎಲ್‌ಗೆ ಹೋದ ಆಟಗಾರರ ಪಟ್ಟಿಯಿದೆ. ಇಷ್ಟೆಲ್ಲ ಇದ್ದೂ ನಾಳೆ ಒಡೆಯರು ಬದಲಾಗಿ ತಂಡಕ್ಕೆ ಬೇರೆ ಊರಿನ ಹೆಸರಿಟ್ಟರೆ ಹುಬ್ಬಳ್ಳಿಯಲ್ಲಿ ಯಾರೂ ಬೀದಿಗಿಳಿಯಲಾರರು. ಒಂದು ಟೂರ್ನಿಯ ಆರೋಗ್ಯ ನೋಡಲು ಈ ಪ್ರಶ್ನೆಗಿಂತ ಒಳ್ಳೆಯ ಪರೀಕ್ಷೆ ಇಲ್ಲ. ಸಂಸ್ಥೆಗೆ ಮುಂದಿನ ಹಗರಣವನ್ನೂ ಮುಂದಿನ ಆರ್ಥಿಕ ಮುಗ್ಗಟ್ಟನ್ನೂ ದಾಟಿ ಈ ಟೂರ್ನಿ ಬದುಕಬೇಕು ಎಂದಿದ್ದರೆ, ತಂಡಕ್ಕೆ ಊರಿನ ಹೆಸರು ಕೊಟ್ಟಷ್ಟಕ್ಕೆ ನಿಲ್ಲದೆ ಆ ಊರಿಗೆ ತಂಡವನ್ನೂ ಕೊಡಬೇಕು. ಅದಕ್ಕೆ ಬೇಕಾದ ಅಂಗಳವನ್ನು ಸಂಸ್ಥೆಯೇ ರಾಜನಗರದಲ್ಲಿ ಕಟ್ಟಿಟ್ಟಿದೆ.